ನಿಮಗಿದು ಗೊತ್ತೇ? ಕುದುರೆಗೆ ನಾಲ್ಕು, ಎತ್ತಿಗೆ ಎಂಟು!

ಕುದುರೆಗೆ ನಾಲ್ಕು ಲಾಳ ಸಾಕು, ಎತ್ತಿಗೆ ಎಂಟು ಬೇಕು. ಎತ್ತಿನದು ಸೀಳುಗೊರಸು, ಕಾಲಿಗೆ ಎರಡೆರಡು ಹೋಳು. ಎರಡಕ್ಕೂ ಸೇರಿಸಿ ಒಂದೇ ತಗಡು ಬಡಿದರೆ ಹೋಳುಗಳು ಅಗಲಲಾರವು, ಎತ್ತು ಹೆಜ್ಜೆ ಕೀಳಲಾರದು.

ಎಂಟೂ ಒಂದೇ ಅಳತೆ ಅಂದುಕೊಂಡಿರಾ? ಮುಂಗಾಲಿನಲ್ಲಿ ಒಳಹೋಳು ತುಸು ದೊಡ್ಡದು, ಹಿಂಗಾಲಿನಲ್ಲಿ ಹೊರಹೋಳು. ಕುದುರೆಯಲ್ಲೂ ಮುಂಗೊರಸು ದುಂಡಗೆ, ಹಿಂಗೊರಸು ಚೂಪು. ಅದರ ಮೈಭಾರದಲ್ಲಿ ಸುಮಾರು ಶೇ 60ರಷ್ಟನ್ನು ಹೊರುವುದು ಮುಂಗಾಲುಗಳೇ.

ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಂಬಾರ ಇರುವಂತೆ ನಾಲಬಂದ ಎಂಬ ಮನೆತನದ ಹೆಸರೂ ಇದೆ. ಲಾಳ ಕಟ್ಟುವ ಕಸುಬಿನಿಂದ ಬಂದದ್ದು.

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿ ಬದಿಯಲ್ಲೇ, ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕು, ಕಸುಬುಗಳೇ ಅಲ್ಲಿನ ಶಿಲ್ಪಗಳ ವಸ್ತು. 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಿನದು. ಲಾಳ ಕಟ್ಟುವವರ ಕೈಚಳಕವನ್ನು ದಾಖಲಿಸಲು ಇದಕ್ಕಿಂತ ಹತ್ತಿರದ ಜಾಗ ಇನ್ನೆಲ್ಲಿ?

ಕುದುರೆ ಮೂರು ಕಾಲಲ್ಲಿ ನಿಂತು ನಾಲ್ಕನೆಯದನ್ನು ಕೈಗೆ ಕೊಡುತ್ತದೆ. ಎತ್ತಿಗೆ ಆ ಸೌಜನ್ಯವಿಲ್ಲ. ಮೈಗೆ ಹಗ್ಗ ಸುತ್ತಿ, ಮೆಲ್ಲಗೆ ಎಳೆದು ಕೆಡವಿ, ಕಾಲುಗಳನ್ನು ಜೋಡಿಸಿ ಕಟ್ಟಬೇಕು. ಕೊಂಬು ಹಿಡಿದು ತಲೆ ಒತ್ತಲು ಇನ್ನೊಬ್ಬ ಬೇಕು. ಆಮೇಲೆ ಗೊರಸಿನ ಅಡಿ ಕೆತ್ತಿ ಸಮ ಮಾಡಿದ ಮೇಲಷ್ಟೇ ಲಾಳದ ಮಾತು. ಲಾಳಕ್ಕೆ ತಕ್ಕಂತೆ ಗೊರಸು ಕೊಯ್ಯುವವನು ಕಸುಬು ಕಲಿತಿಲ್ಲ ಎಂದೇ ಲೆಕ್ಕ. ಗೊರಸಿಗೆ ತಕ್ಕಂತೆ ಲಾಳ ಬಡಿದು ತಿದ್ದಬೇಕು.

ಕುದುರೆಯ ಲಾಳದ ಮೊಳೆ ನೆಟ್ಟಗೆ ಹೋಗುವುದಿಲ್ಲ! ಅದರ ತುದಿ ಒಂದು ಪಕ್ಕಕ್ಕೆ ಓರೆ. ಆ ಓರೆ ಒಳಮುಖವಾಗಿದ್ದರೆ ಮೊಳೆ ಹೊರಕ್ಕೆ ಬಾಗುತ್ತಾ ಹೋಗಿ ಗೊರಸಿನ ಗೋಡೆಯಿಂದ ಇಣುಕುತ್ತದೆ. ತುದಿ ಮುರಿದು, ಮಡಚಿ, ಅರದಿಂದ ಉಜ್ಜಿದರೆ ಕೆಲಸ ಮುಗಿಯಿತು. ತಿರುವುಮುರುವಾದರೆ ಒಳಗಿನ ಜೀವಮಾಂಸಕ್ಕೇ ನಾಟೀತು. ಗೊರಸಿನ ಅಡಿಯಲ್ಲಿ ಕಾಣುವ ಬಿಳಿ ಗೆರೆಯೇ ಗಡಿ, ಮೊಳೆ ಅದರ ಹೊರಗಡೆಗೇ ಇರಬೇಕು. ಪಳಗಿದವರು ಸುತ್ತಿಗೆಯ ಸದ್ದಿನಲ್ಲೇ ದಾರಿ ತಿಳಿಯುತ್ತಾರೆ: ಗಟ್ಟಿ ಗೋಡೆಯಲ್ಲಿ ಟಣ್ ಟಣ್, ಮೆತ್ತನೆಯಲ್ಲಿ ಮಂಕು. ಗಾಯವಾದರೆ ಧನುರ್ವಾಯುವಿನ ಭಯ. ಆ ರೋಗಕ್ಕೆ ಕುದುರೆ ಬೇಗ ತುತ್ತಾಗುತ್ತದೆ.

ಹಿಮ್ಮಡಿಯ ಕಡೆ ಮೊಳೆ ಹೊಡೆಯುವುದಿಲ್ಲ. ಪ್ರತಿ ಹೆಜ್ಜೆಗೂ ಆ ಭಾಗ ತುಸು ಅರಳಿ ಮುಚ್ಚಬೇಕು.

ಕಳಚಿದ ಹಳೇ ಲಾಳವನ್ನು ಬಿಸಾಡುವ ಮುನ್ನ ತಿರುಗಿಸಿ ನೋಡುತ್ತಾರೆ. ಯಾವ ಅಂಚು ಹೆಚ್ಚು ಸವೆದಿದೆಯೋ ಆ ಕಡೆಗೆ ಕಾಲು ವಾಲುತ್ತಿದೆ ಎಂದರ್ಥ. ಹೊಸ ಲಾಳದ ಅಳತೆ ಅಲ್ಲಿಂದಲೇ ಶುರು.

ಕುದುರೆಗೆ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕತ್ತರಿಸಬೇಕು, ಲಾಳ ಸವೆದಿರಲಿ, ಬಿಡಲಿ. ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುತ್ತದಲ್ಲ! ರೇಸ್ ಕುದುರೆಗೆ ಹಗುರವಾದ ಅಲ್ಯೂಮಿನಿಯಂ ಲಾಳ.

13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡು ಕಂಡ ಮಾರ್ಕೊ ಪೋಲೊ ಹೇಳಿದ ಸಂಗತಿ ಕೇಳಿ: ಕುದುರೆ ತರುವ ವ್ಯಾಪಾರಿಗಳು ಲಾಳಗಾರರನ್ನು ಮಾತ್ರ ಬರಗೊಡುತ್ತಿರಲಿಲ್ಲವಂತೆ. ಆರೈಕೆಯಿಲ್ಲದೆ ಕುದುರೆ ಸತ್ತರೆ ಮರುವರ್ಷ ಮತ್ತೆ ಮಾರಬಹುದಲ್ಲ!

ದನಗಳ ಆರೈಕೆಗೋ ಕನ್ನಡದಲ್ಲೇ ಪುಸ್ತಕವಿತ್ತು: ಸುಮಾರು 900 ವರ್ಷಗಳ ಹಿಂದೆ ಚಾಳುಕ್ಯ ಅರಸುಮಗ ಕೀರ್ತಿವರ್ಮ ‘ಗೋವೈದ್ಯ’ ಬರೆದ.

ಗೊರಸಿಗೆ ತಿಂದದ್ದರಿಂದಲೂ ಕೇಡುಂಟು. ಹಾವೇರಿ ಜಿಲ್ಲೆ ಮೆಕ್ಕೆಜೋಳದ ಸೀಮೆ. ಹಗ್ಗ ಬಿಚ್ಚಿಕೊಂಡ ಎತ್ತು ರಾಶಿಗೆ ಬಾಯಿ ಹಾಕಿ ಹೊಟ್ಟೆಬಿರಿಯೆ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ, ಪೆಟ್ಟು ಗೊರಸಿಗೂ ತಟ್ಟುತ್ತದೆ. ಗೊರಸಿನೊಳಗೆ ಉರಿಯೂತವಾಗಿ ಎತ್ತು ಕುಂಟುತ್ತದೆ. ವಾಸಿಯಾದ ಮೇಲೂ ಗೊರಸಿನ ಗೋಡೆಯಲ್ಲಿ ಅಡ್ಡಗೆರೆ ಉಳಿಯುತ್ತದೆ. ಅದು ಕೆಳಗಿಳಿದು ಸವೆದುಹೋಗಲು ಸುಮಾರು ಒಂದು ವರ್ಷ. ಸಂತೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳುವ ಜಾಣರು ಗೊರಸಿನ ಕೆಸರನ್ನೂ ಒಮ್ಮೆ ಒರೆಸಿ ನೋಡಿ ವ್ಯಾಪಾರ ಕುದುರಿಸುವುದು ಒಳ್ಳೆಯದು.