ಎದ್ದಾಗ ಕಣ್ಣು ಕತ್ತಲಿಟ್ಟರೆ ಕಿಡ್ನಿಯನ್ನೂ ತೋರಿಸಿ

ಮೊಳಕಾಲ್ಮೂರಿನಲ್ಲಿ ಕುಣಿಮಗ್ಗದ ಮುಂದೆ ಹೊತ್ತುಗಟ್ಟಲೆ ಕೂತು ರೇಷ್ಮೆ ಸೀರೆ ನೇಯುವವರು ಎದ್ದ ಕೂಡಲೇ ಗೋಡೆ ಹಿಡಿದುಕೊಂಡರೆ, ವರವು ಕಾವಲ್ ಕಡೆ ಕುರಿ ಮೇಯಿಸುವವರು ಜಾಲಿ ನೆರಳಿನಿಂದ ಏಳುವಾಗ ಕೋಲೂರಿ ಗಳಿಗೆ ಹೊತ್ತು ನಿಂತರೆ, ‘ಬಿಸಿಲು’, ‘ಪಿತ್ತ’ ಎಂದು ಸುಮ್ಮನಾಗುತ್ತೇವೆ. ಚಳ್ಳಕೆರೆ ಸೀಮೆಯ ಬಿಸಿಲಿಗೆ ತಲೆ ಸುತ್ತುವುದು ಸುಳ್ಳಲ್ಲ. ಆದರೆ ಎಂಟು ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾದರೆ ಹೃದಯದ ನರಗಳ ಮೇಲೆ ಅನುಮಾನ ಪಡಬೇಕು.

ನಾವು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆಗ ನರಗಳು ರಕ್ತನಾಳಗಳನ್ನು ಬಿಗಿಮಾಡಿ, ಎದೆಬಡಿತ ಏರಿಸಿ, ಮಿದುಳಿಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತವೆ. ವರ್ಷಗಟ್ಟಲೆ ಏರಿದ ಸಕ್ಕರೆ ಈ ನರಗಳನ್ನೇ ಸವೆಸುತ್ತದೆ. ಉದ್ದದ ನರಕ್ಕೆ ಮೊದಲ ಪೆಟ್ಟು. ಪಾದ ಜೋಮು ಹಿಡಿಯುವುದು ಹಾಗೆಯೇ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರಕ್ಕೂ ಪೆಟ್ಟು ಬೇಗ ಬೀಳುತ್ತದೆ. ಬಡಿತಕ್ಕೆ ಕಡಿವಾಣ ಹಾಕುವುದು ಅದೇ ಆದ್ದರಿಂದ ಸುಮ್ಮನೆ ಕೂತಾಗಲೂ ನಾಡಿ ತೊಂಬತ್ತು, ನೂರು ಬಡಿಯುತ್ತದೆ. ನೋವು ತಿಳಿಸುವ ನರ ಕೆಟ್ಟಿದ್ದರೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಇದ್ದಕ್ಕಿದ್ದಂತೆ ಬೆವರು, ಏದುಸಿರು, ವಾಂತಿ, ವಿಪರೀತ ಸುಸ್ತು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿಸಬೇಡಿ, ಇಸಿಜಿ ಮಾಡಿಸಿ.

ಕಿಡ್ನಿಗೂ ಈ ನರದೋಷಕ್ಕೂ ನಂಟು ಬೆಸೆಯುವುದು ರಾತ್ರಿ. ಆರೋಗ್ಯವಂತರಿಗೆ ನಿದ್ದೆಯಲ್ಲಿ ಬಿಪಿ ಶೇ 10ರಿಂದ 20ರಷ್ಟು ಇಳಿಯುತ್ತದೆ. ನರ ಕೆಟ್ಟವರಿಗೆ ಆ ಇಳಿತ ಇರುವುದಿಲ್ಲ, ಎಷ್ಟೋ ಸಲ ಮಲಗಿದಾಗಲೇ ಬಿಪಿ ಹೆಚ್ಚು. ಒಂದೊಂದು ಕಿಡ್ನಿಯಲ್ಲಿರುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿಗೆ ಬಿಡುವೇ ಸಿಗದೆ, ಸಕ್ಕರೆಯಿಂದ ಮೊದಲೇ ನವೆದ ಜರಡಿಗಳು ಸೋರತೊಡಗುತ್ತವೆ. ಹೃದಯದ ನರ ಕೆಟ್ಟವರಲ್ಲಿ ಕಿಡ್ನಿಯ ಶಕ್ತಿ ಬೇಗ ಕುಗ್ಗುವುದನ್ನು ವರ್ಷಗಟ್ಟಲೆ ರೋಗಿಗಳನ್ನು ಗಮನಿಸಿದ ಅಧ್ಯಯನಗಳು ಕಂಡಿವೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕು, ನಿಲ್ಲಿಸಿ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನರದ ದೋಷವಿರಬಹುದು. ಕೂರಿಸಿ ಒಂದೇ ಸಲ ನೋಡಿದರೆ ಇದು ಸಿಗದು. ಕಿಡ್ನಿಗೆ ಬರೀ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ನಂಬಬೇಡಿ, ಅದು ಏರುವ ಹೊತ್ತಿಗೆ ಬಹಳಷ್ಟು ಜರಡಿ ಹೋಗಿರುತ್ತದೆ. ವರ್ಷಕ್ಕೊಮ್ಮೆ ಮೂತ್ರದಲ್ಲಿ ಅಲ್ಬುಮಿನ್ (ಜರಡಿಯಿಂದ ಸೋರುವ ಪ್ರೋಟೀನ್)–ಕ್ರಿಯಾಟಿನಿನ್ ಅನುಪಾತ ನೋಡಿಸಿ. ಅದು 30 ದಾಟಿದ್ದು ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೇ ಇದ್ದರೆ ಸೋರಿಕೆ ಶುರುವಾಗಿದೆ. ಈ ಹಂತದಲ್ಲಿ ಹಿಡಿದರೆ ಕಿಡ್ನಿ ಕಾಯುವ ಔಷಧಿಗಳಿವೆ, ಡಯಾಲಿಸಿಸ್ ದೂರ ತಳ್ಳಬಹುದು.

ತಲೆ ಸುತ್ತುತ್ತದೆಂದು ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿದರೆ ಪ್ರಮಾಣ, ಹೊತ್ತು ಬದಲಿಸುತ್ತಾರೆ. ಏಳುವಾಗ ಮೊದಲು ಕಾಲಾಡಿಸಿ, ಆಮೇಲೆ ನಿಲ್ಲಿ.

ಇನ್ನೊಂದು ಮಾತು ನೇಕಾರರಿಗೆ, ಕೂಲಿಯವರಿಗೆ. ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆ, ನೀರು ಕಡಿಮೆ ಕುಡಿದ ಬಿಸಿಲ ದಿನದಲ್ಲಂತೂ, ದುರ್ಬಲ ಕಿಡ್ನಿಗೆ ನೇರ ಪೆಟ್ಟು. ಶುಗರ್ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ‘ನಿಲ್ಲಿಸಿ ಒಂದು ಸಲ ಬಿಪಿ ನೋಡಿ, ಮೂತ್ರಕ್ಕೂ ಬರೆದುಕೊಡಿ’ ಎಂದು ಸಂಕೋಚವಿಲ್ಲದೆ ಕೇಳಿ.