ಹಳೆಯ ಸಲಕರಣೆಗಳಿಂದ ಮನೆಯ ಕುಲುಮೆ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗುಳ, ಕುಂಟೆ, ಕುಡುಗೋಲು, ಗುದ್ದಲಿ ಮೊದಲಾದವುಗಳ ಕೆಲಸವೆಲ್ಲವೂ ಹಿಂದೆ ಊರ ಕಮ್ಮಾರನ ಕುಲುಮೆಯಲ್ಲಿಯೇ ನಡೆಯುತ್ತಿದ್ದಿತು. ಅದಕ್ಕೆ ಪ್ರತಿಫಲವಾಗಿ ಸುಗ್ಗಿಯಲ್ಲಿ ಅವನಿಗೆ ಕಣದಿಂದಲೇ ಆಯದ ಧಾನ್ಯ ಸಲ್ಲುತ್ತಿದ್ದಿತು. ಈಗ ಅನೇಕ ಊರುಗಳಲ್ಲಿ ಕುಲುಮೆ ಆರಿಹೋಗಿ, ಒಂದು ಕುಡುಗೋಲಿಗೆ ಹದ ಹಾಕಿಸಬೇಕಾದರೂ ಸಂತೆಯ ದಿನವನ್ನು ಕಾಯಬೇಕಾದ ಸ್ಥಿತಿಯುಂಟಾಗಿದೆ. ಆದರೆ ಕುಲುಮೆಯ ಸಾಮಾನುಗಳೆಲ್ಲವೂ ನಾಶವಾಗಿಲ್ಲ. ಅಡಿಗಲ್ಲು, ಇಕ್ಕಳ, ಚಮಟಿಗೆ, ವೈಸು ಮುಂತಾದವು ಕೊಟ್ಟಿಗೆಯ ಮೂಲೆಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಬಿದ್ದಿರುತ್ತವೆ. ಇಂತಹವುಗಳನ್ನು ಕೂಡಿಸಿಕೊಂಡು, ಬಿಡುವಿನ ವೇಳೆಯಲ್ಲಿ ವಿನೋದಕ್ಕಾಗಿಯೂ ಮನೆಯ ಉಪಯೋಗಕ್ಕಾಗಿಯೂ ಕಮ್ಮಾರಿಕೆಯನ್ನು ಅಭ್ಯಾಸ ಮಾಡತಕ್ಕವರು ಉಂಟು. ಅಂಥವರು ಎಲ್ಲಕ್ಕಿಂತ ಮೊದಲು ತಿಳಿಯತಕ್ಕ ವಿಷಯವೇನೆಂದರೆ, ಹಳೆಯ ಸಲಕರಣೆಯನ್ನು ತುಕ್ಕು ಕೆಡಿಸುವುದಕ್ಕಿಂತಲೂ ಹೆಚ್ಚಾಗಿ ಅದನ್ನು ಹೊಸದು ಮಾಡಹೊರಟವರ ಬೆಂಕಿಯೂ ಸಾಣೆಯೂ ಕೆಡಿಸುತ್ತವೆ. ತುಕ್ಕನ್ನು ಉಜ್ಜಿ ತೆಗೆಯಬಹುದು. ದೊಡ್ಡ ಅಡಿಗಲ್ಲಿನ ಮುಖದಿಂದ ಒಮ್ಮೆ ಹೋದ ಹದವನ್ನು ಮನೆಯ ಕುಲುಮೆಯಲ್ಲಿ ಮರಳಿ ತರುವುದು ಬಹುಮಟ್ಟಿಗೆ ಅಸಾಧ್ಯ.

ಕಬ್ಬಿಣವೂ ಉಕ್ಕೂ

ಹದವೆಂದರೇನೆಂಬುದನ್ನು ತಿಳಿಯಬೇಕಾದರೆ ಲೋಹದ ಭೇದವನ್ನು ಅರಿಯಬೇಕು. ಕಬ್ಬಿಣದಲ್ಲಿ ಬೆರೆತಿರುವ ಇಂಗಾಲದ ಪ್ರಮಾಣವೇ ಈ ಭೇದಕ್ಕೆ ಮುಖ್ಯ ಕಾರಣ. ಹಿಂದಿನ ಬಡಿದ ಕಬ್ಬಿಣದಲ್ಲಿ ಇಂಗಾಲವು ಇಲ್ಲವೆಂಬಷ್ಟು ಅಲ್ಪ. ಸಾಮಾನ್ಯ ಮೆದು ಉಕ್ಕಿನಲ್ಲಿ ಸುಮಾರು ನೂರಕ್ಕೆ 0.2 ಭಾಗ. ಮೋಟಾರು ಬಂಡಿಯ ಪಟ್ಟೆ ಸ್ಪ್ರಿಂಗಿನಲ್ಲಿ 0.6 ಭಾಗದಷ್ಟು. ಒಳ್ಳೆಯ ಅರದಲ್ಲಿ 1 ಭಾಗಕ್ಕೂ ಮಿಗಿಲು. ಮೊದಲಿನ ಎರಡನ್ನು ಎಷ್ಟು ಕಾಯಿಸಿ ಎಷ್ಟು ಸಲ ನೀರಿನಲ್ಲಿ ಅದ್ದಿದರೂ ಅಲಗಿಗೆ ತಕ್ಕ ಗಡಸುತನ ಬಾರದು. ಕಡೆಯ ಎರಡು ಮಾತ್ರ ಗಡಸಾಗುತ್ತವೆ. ಎರಕದ ಕಬ್ಬಿಣದಲ್ಲಿ ಇಂಗಾಲವು 2 ಭಾಗಕ್ಕಿಂತ ಹೆಚ್ಚಾಗಿರುವುದರಿಂದ ಅದು ಸುತ್ತಿಗೆಯ ಪೆಟ್ಟಿಗೆ ಬಗ್ಗದೆ ಒಡೆಯುತ್ತದೆ.

ಕಿಡಿಗಳನ್ನು ನೋಡಿಯೂ ಇವುಗಳನ್ನು ಸ್ಥೂಲವಾಗಿ ಗುರುತಿಸಬಹುದು. ತುಂಡೊಂದನ್ನು ತಿರುಗುವ ಸಾಣೆಗೆ ಹಿಡಿದಾಗ ಮೆದು ಉಕ್ಕು ಉದ್ದವಾದ, ಕವಲಿಲ್ಲದ ಗೆರೆಗಳನ್ನು ಚೆಲ್ಲುತ್ತದೆ. ಇಂಗಾಲ ಹೆಚ್ಚಿದಷ್ಟೂ ಗೆರೆಗಳು ತುದಿಯಲ್ಲಿ ಸಿಡಿದು ಹೂಬಾಣದಂತೆ ಕವಲೊಡೆಯುತ್ತವೆ.

ಈ ವಿದ್ಯೆಯು ನಾಡಿಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬ್ಯುಕನನ್ ಎಂಬಾತನು, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿ ಗಿಡದ ಕಡ್ಡಿಗಳನ್ನಿಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ವಿವರಿಸಿದ್ದಾನೆ. ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಸೇರಿ ಅದನ್ನು ಉಕ್ಕಾಗಿಸುತ್ತಿದ್ದಿತು. ವಿಲಾಯಿತಿಯಲ್ಲಿ ವೂಟ್ಸ್ ಎಂದು ಹೆಸರಾದ ಈ ಉಕ್ಕನ್ನು ಅಲ್ಲಿಯ ಕಮ್ಮಾರರು ತಮ್ಮ ಅಭ್ಯಾಸದಂತೆ ಬಿಳಿಗಾವಿಗೆ ಕಾಯಿಸಿ ಬಡಿದಾಗ ಅದು ಪುಡಿಯಾಗುತ್ತಿದ್ದಿತು. ಇಲ್ಲಿಯ ಕಮ್ಮಾರನು ಅದನ್ನು ಕೆಂಪುಗಾವಿನಲ್ಲಿಯೇ ತಾಳ್ಮೆಯಿಂದ ಬಡಿಯುತ್ತಿದ್ದನು. ಇಂಗಾಲ ಹೆಚ್ಚಿದ್ದಷ್ಟೂ ಕಾವು ಕಡಿಮೆಯಿರಬೇಕೆಂಬ ಈ ನಿಯಮವು ಹಳೆಯ ಅರವನ್ನು ಕಾಯಿಸಿ ಚೂರಿ ಮಾಡುವವನಿಗೆ ಇಂದೂ ಅನ್ವಯಿಸುತ್ತದೆ.

ಅಡಿಗಲ್ಲಿನ ಪರೀಕ್ಷೆ

ಅಡಿಗಲ್ಲೆಂಬ ಹೆಸರಿದ್ದರೂ ಅದು ಕಲ್ಲಲ್ಲ. ನಾಡಿನ ಕುಲುಮೆಗಳ ಅಡಿಗಲ್ಲು ಸಾಮಾನ್ಯವಾಗಿ ಕೊಂಬಿಲ್ಲದ ಚೌಕನೆಯ ಗಟ್ಟಿ. ಕಮ್ಮಾರನು ಕುಳಿತು ಕೆಲಸ ಮಾಡುವುದರಿಂದ ಅದನ್ನು ಮರದ ದಿಮ್ಮಿಯಲ್ಲಿ ತಗ್ಗಾಗಿ ಹೂಳಿರುತ್ತಾರೆ. ಕೊಂಬೂ ಬಾಲವೂ ಇರುವ ವಿಲಾಯಿತಿ ಅಡಿಗಲ್ಲುಗಳು ಹಳೆಯ ಕಾರ್ಖಾನೆಗಳ ಸಾಮಾನಿನೊಡನೆ ಮಾರಾಟಕ್ಕೆ ಬಂದರೆ ಅವುಗಳ ಪಕ್ಕವನ್ನು ತಂತಿಯ ಕುಂಚದಿಂದ ಉಜ್ಜಿ ನೋಡತಕ್ಕದ್ದು. ಇಂಗ್ಲೆಂಡಿನ ಡಡ್ಲಿಯ ಪೀಟರ್ ರೈಟ್, ಷೆಫೀಲ್ಡಿನ ಮೌಸ್‌ಹೋಲ್ ಮೊದಲಾದ ಹೆಸರುಗಳು ಕಾಣಿಸಿದರೆ ಅದರ ಒಡಲು ಬಡಿದ ಕಬ್ಬಿಣದ್ದೆಂದೂ, ಮುಖಕ್ಕೆ ಮಾತ್ರ ಗಡಸು ಉಕ್ಕಿನ ಹಲಗೆಯನ್ನು ಬೆಸೆದಿದೆಯೆಂದೂ ತಿಳಿಯಬಹುದು. ಹೆಸರಿನ ಬಳಿ ಬಿಡಿಬಿಡಿಯಾಗಿ ಮೂರು ಅಂಕಿಗಳಿರುವುದುಂಟು. ಇವು ತೂಕದ ಗುರುತುಗಳು. ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೇಟು, ಎರಡನೆಯದು 28 ಪೌಂಡಿನ ಕ್ವಾರ್ಟರು, ಮೂರನೆಯದು ಬಿಡಿ ಪೌಂಡು. 1, 2, 10 ಎಂದಿದ್ದರೆ 112ಕ್ಕೆ 56ನ್ನೂ 10ನ್ನೂ ಕೂಡಿಸಿ 178 ಪೌಂಡು, ಎಂದರೆ ಸುಮಾರು 81 ಕಿಲೋಗ್ರಾಂ. ಇದನ್ನು ಅರಿಯದೆ ನೂರಿಪ್ಪತ್ತು ಪೌಂಡೆಂದೋ ನೂರಿಪ್ಪತ್ತು ಕಿಲೋ ಎಂದೋ ಬೆಲೆ ಕಟ್ಟಿ ಮೋಸಹೋಗಬಾರದು.

ಆದರೆ ಹೆಸರಿಗಿಂತಲೂ ತೂಕಕ್ಕಿಂತಲೂ ಮುಖ್ಯವಾದುದು ಮುಖದ ಗಡಸುತನ. ಅದನ್ನು ಪರೀಕ್ಷಿಸಲು ಗೋಲಿಯ ಗಾತ್ರದ ಬೇರಿಂಗು ಗುಂಡೊಂದು ಸಾಕು. ಹತ್ತು ಅಂಗುಲ ಎತ್ತರದಿಂದ ಅದನ್ನು ಬಿಟ್ಟಾಗ ಏಳೆಂಟು ಅಂಗುಲ ಪುಟಿದರೆ ಮುಖವು ಚೆನ್ನಾಗಿದೆಯೆಂದು ತಿಳಿಯತಕ್ಕದ್ದು. ಎಲ್ಲ ಕಡೆಯೂ ನಾಲ್ಕೈದು ಅಂಗುಲವನ್ನು ಮೀರದಿದ್ದರೆ ಅದು ಮೂಲತಃ ಮೆದು ಲೋಹದ್ದಾಗಿರಬೇಕು, ಇಲ್ಲವೆ ಎಂದೋ ಬೆಂಕಿಯ ಅನಾಹುತಕ್ಕೆ ಸಿಕ್ಕಿ ಹದವನ್ನು ಕಳೆದುಕೊಂಡಿರಬೇಕು. ಒಂದೆಡೆಯಲ್ಲಿ ಮಾತ್ರ ಗುಂಡು ಸತ್ತಂತೆ ಬಿದ್ದರೆ ಅಲ್ಲಿ ಹಲಗೆಯ ಬೆಸುಗೆ ಬಿಟ್ಟಿರುವ ಸಂಭವವುಂಟು. ನಾದವನ್ನು ಮಾತ್ರ ನಂಬಿ ನಿರ್ಣಯಿಸಕೂಡದು. ಬಡಿದ ಕಬ್ಬಿಣದ ಅಡಿಗಲ್ಲು ಗಂಟೆಯಂತೆ ನುಡಿಯುವುದು ನಿಜ. ಆದರೆ ಅಮೆರಿಕದ ಫಿಷರ್ ಅಡಿಗಲ್ಲುಗಳ ಒಡಲು ಎರಕದ ಕಬ್ಬಿಣದ್ದಾದುದರಿಂದ, ಮುಖದ ಉಕ್ಕು ಉತ್ತಮವಾಗಿದ್ದರೂ ಅವು ನುಡಿಯುವುದಿಲ್ಲ.

ಕೊಂಡು ತಂದ ಮೇಲೆ ಅದರ ಮುಖವನ್ನು ಕನ್ನಡಿಯಂತೆ ಮಾಡಬೇಕೆಂಬ ಚಪಲ ಹುಟ್ಟುವುದು ಸಹಜ. ಇಲ್ಲಿಯೇ ಹಾನಿ. ಉಕ್ಕಿನ ಹಲಗೆಯು ಅನೇಕ ಅಡಿಗಲ್ಲುಗಳಲ್ಲಿ ಅರ್ಧ ಅಂಗುಲದಷ್ಟೇ ದಪ್ಪ. ನೂರು ವರ್ಷದ ಕೆಲಸದಲ್ಲಿ ಸವೆಯದಷ್ಟು ಉಕ್ಕನ್ನು ಸಾಣೆಯ ಯಂತ್ರವು ಒಂದು ಗಂಟೆಯಲ್ಲಿ ಸವೆಸಿಬಿಡುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಆ ಭಾಗವನ್ನು ಕಲ್ಲಿನಿಂದ ದುಂಡಗೆ ಮಾಡಿ ಬಿಡುವುದೇ ಲೇಸು. ದುಂಡಂಚು ಕಾದ ಕಬ್ಬಿಣವನ್ನು ಬಗ್ಗಿಸುವಾಗ ಚೂಪಂಚಿಗಿಂತಲೂ ಒಳ್ಳೆಯದು. ಮುಖದ ನಡುವೆ ಅಲ್ಪಸ್ವಲ್ಪ ತಗ್ಗಿರುವುದೂ ದೋಷವಲ್ಲ. ಸೊಟ್ಟಾದ ಸಲಾಕೆಯನ್ನು ನೆಟ್ಟಗೆ ಮಾಡುವಾಗ ಅದೇ ತಗ್ಗು ಸಹಾಯಕ್ಕೆ ಬರುತ್ತದೆ. ವಿದ್ಯುತ್ ಬೆಸುಗೆಯಿಂದ ಗುಳಿಗಳನ್ನು ತುಂಬಿಸಲು ದಾರಿಬದಿಯ ಅಂಗಡಿಗೆ ಕೊಡುವುದಂತೂ ಕೂಡದು. ಒಡಲನ್ನು ಮೊದಲೇ ಸಮವಾಗಿ ಕಾಯಿಸದೆ ಹೀಗೆ ಮಾಡಿದರೆ ಬೆಸುಗೆಯ ಸುತ್ತಲಿನ ಉಕ್ಕು ಒಂದೆಡೆ ಮೆದುವಾಗಿ, ಇನ್ನೊಂದೆಡೆ ಸಿಡುಕಾಗಿ ಸೀಳುತ್ತದೆ. ತುಕ್ಕನ್ನು ಕುಂಚದಿಂದ ಉಜ್ಜಿ, ಎಣ್ಣೆ ಬಟ್ಟೆಯಿಂದ ಒರಸಿದರೆ ಸಾಕು. ಉಳಿದ ಹೊಳಪನ್ನು ಕಾದ ಕಬ್ಬಿಣವೇ ತರುತ್ತದೆ.

ಒಳ್ಳೆಯ ಅಡಿಗಲ್ಲು ದೊರೆಯದಿದ್ದರೆ ರೈಲು ಕಂಬಿಯ ತುಂಡನ್ನು ನೇರವಾದ ಮಾರ್ಗದಿಂದ ಕೊಂಡು ಉಪಯೋಗಿಸಬಹುದು. ಅದನ್ನು ಮಲಗಿಸುವುದಕ್ಕಿಂತ ದಿಮ್ಮಿಯಲ್ಲಿ ಲಂಬವಾಗಿ ನಿಲ್ಲಿಸಿದರೆ ಪೆಟ್ಟಿನ ಕೆಳಗೆ ತೂಕವೆಲ್ಲವೂ ಒದಗುತ್ತದೆ. ನಿಂತು ಕೆಲಸ ಮಾಡುವವರಿಗೆ, ಕೈಯನ್ನು ಇಳಿಬಿಟ್ಟು ಮುಷ್ಟಿ ಹಿಡಿದಾಗ ಗೆಣ್ಣುಗಳು ತಾಗುವಷ್ಟು ಎತ್ತರದಲ್ಲಿ ಮುಖವಿರಬೇಕು.

ಉಳಿದ ಸಲಕರಣೆಗಳು

ಹಳೆಯ ಕಾಲುಳ್ಳ ವೈಸು ಪೆಟ್ಟನ್ನು ತಾಳಲೆಂದೇ ಮಾಡಿದುದು. ಅದರ ಕಾಲು ನೆಲಕ್ಕೆ ಊರಿ ಪೆಟ್ಟನ್ನು ಭೂಮಿಗೆ ಇಳಿಸುತ್ತದೆ. ಆದುದರಿಂದ ಎರಕದ ಬೆಂಚು ವೈಸಿಗಿಂತ ಇದು ಕುಲುಮೆಗೆ ಯೋಗ್ಯ. ಕೊಳ್ಳುವಾಗ ತಿರುಪಿನ ಎಳೆಗಳು ಸವೆದಿವೆಯೇ ಎಂಬುದೊಂದನ್ನು ನೋಡಿದರಾಯಿತು. ಸ್ಪ್ರಿಂಗು ಇಲ್ಲದಿದ್ದರೆ ಹೊಸದನ್ನು ಬಡಿದುಕೊಳ್ಳಬಹುದು.

ಗಾಳಿಗೆ ತೊಗಲಿನ ತಿದಿಯಾಗಲಿ, ಬಫೆಲೋ, ಚಾಂಪಿಯನ್ ಮೊದಲಾದ ಹೆಸರುಗಳ ಕೈಚಕ್ರದ ಗಾಳಿಯಂತ್ರವಾಗಲಿ ಆಗಬಹುದು. ಗಾಳಿಯಂತ್ರವು ಬಿಗಿದುಕೊಂಡಿದ್ದರೆ ಹಿಡಿಯನ್ನು ಬಲವಂತದಿಂದ ತಿರುಗಿಸಬಾರದು. ಒಳಗಿನ ಹಲ್ಲುಚಕ್ರಗಳು ಮುರಿದರೆ ಬದಲಿ ಸಿಕ್ಕುವುದಿಲ್ಲ. ಸೀಮೆಎಣ್ಣೆಯನ್ನು ತುಂಬಿ ಕೆಲವು ದಿನ ನೆನೆಯಬಿಟ್ಟು, ಬಳಿಕ ತೆಳು ಎಣ್ಣೆ ಹಾಕತಕ್ಕದ್ದು. ಎಣ್ಣೆ ಸೋರುವುದು ಅದರ ಸ್ವಭಾವ. ರೋಗವೆಂದು ಗಾಬರಿಪಡಬೇಕಾದುದಿಲ್ಲ.

ತಲೆಯು ಬಡಿಸಿಕೊಂಡು ಅಣಬೆಯಂತೆ ಅರಳಿದ ಉಳಿಗಳನ್ನು ಹಾಗೆಯೇ ಉಪಯೋಗಿಸುವುದು ಕಣ್ಣಿಗೆ ಅಪಾಯಕರ. ಅರಳಿದ ಅಂಚು ಪೆಟ್ಟಿಗೆ ಸಿಡಿದು ಗುಂಡಿನಂತೆ ಹಾರುತ್ತದೆ. ಅದನ್ನು ಸಾಣೆಯಿಂದ ತೆಗೆದುಹಾಕಬೇಕು. ಇದೇ ಕಾರಣದಿಂದ ಸುತ್ತಿಗೆಯ ಗಡಸು ಮುಖವನ್ನು ಬರಿಯ ಅಡಿಗಲ್ಲಿನ ಗಡಸು ಮುಖಕ್ಕೆ ನೇರವಾಗಿ ಬಡಿಯಕೂಡದು. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಕುಲುಮೆಯ ಬಳಿ ಯಾರೂ, ನೋಡಲು ಬಂದ ಮಕ್ಕಳು ಸಹ, ನಿಲ್ಲಬಾರದು.

ಬೆಂಕಿ

ಮನೆಯ ಕುಲುಮೆಗೆ ಇದ್ದಲೇ ಉತ್ತಮ. ಕಲ್ಲಿದ್ದಲಿನಲ್ಲಿರುವ ಗಂಧಕವು ಉಕ್ಕನ್ನು ಕೆಡಿಸುತ್ತದೆ. ಇದ್ದಲಿನಲ್ಲಿ ಈ ದೋಷವು ಇಲ್ಲವೆಂದೇ ಹೇಳಬಹುದು. ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಕಬ್ಬಿಣವನ್ನು ಕರಗಿಸಲಾರಂಭಿಸಿದುದೂ ಇದ್ದಲಿನಿಂದಲೇ. ಇದ್ದಲಿಗೆ ಮೆಲುಗಾಳಿ ಸಾಕು. ರಭಸದ ಗಾಳಿಯು ಇದ್ದಲನ್ನು ಹಾರಿಸಿ ಕಬ್ಬಿಣದ ಮೇಲೆ ಕಿಟ್ಟವನ್ನು ಹೆಚ್ಚಿಸುತ್ತದೆ.

ಉರಿಯುವ ಇದ್ದಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ತಲೆನೋವಿನಿಂದ ಆರಂಭವಾಗಿ ಪ್ರಾಣವನ್ನೇ ತೆಗೆಯುತ್ತದೆ. ಮಳೆಗಾಲದಲ್ಲಿ ಕುಲುಮೆಯನ್ನು ಮನೆಯೊಳಕ್ಕೆ ಸಾಗಿಸುವ ಪದ್ಧತಿಯನ್ನು ಬಿಡಲೇಬೇಕು. ನಾಲ್ಕು ಕಡೆಯೂ ತೆರೆದ, ಮೇಲೆ ತಗಡು ಹೊದಿಸಿದ ಚಪ್ಪರವೇ ತಕ್ಕ ಸ್ಥಳ. ಸತುವಿನ ಲೇಪವಿರುವ ಕೊಳವೆ, ತಂತಿ, ತಗಡುಗಳನ್ನು ಬೆಂಕಿಗೆ ಹಾಕಕೂಡದು. ಸತುವು 907 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಕುಲುಮೆಯ ಕಾವು ಇದನ್ನು ಸುಲಭವಾಗಿ ಮೀರುವುದರಿಂದ, ಏಳುವ ಬಿಳಿಯ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ಹಳೆಯ ಸಲಕರಣೆಗಳ ಬಣ್ಣದಲ್ಲಿ ಸೀಸವಿರಬಹುದಾದ ಕಾರಣ ಅದನ್ನು ಸುಟ್ಟು ತೆಗೆಯುವುದೂ ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವುದೂ ಸಲ್ಲದು.

ಹದ ಕೊಡುವ ಕ್ರಮ

ಹೊಸಬರು ಮೊದಲು ಮೆದು ಸಲಾಕೆಯಿಂದ ಕೊಕ್ಕೆ, ಚಿಲಕ, ಗೂಟಗಳನ್ನು ಮಾಡಿ ಕೈ ಪಳಗಿಸಬೇಕು. ಬಳಿಕ ಸಾದಾ ಇಂಗಾಲದ ಉಕ್ಕಿನಿಂದ ಕಬ್ಬಿಣ ಕಡಿಯುವ ಉಳಿಯೊಂದನ್ನು ಮಾಡಿದರೆ ಹದದ ಗುಟ್ಟೆಲ್ಲವೂ ತಿಳಿಯುತ್ತದೆ. ಬಡಿದು ರೂಪ ಕೊಟ್ಟ ಉಳಿಯ ಬಾಯಿಯ ಕಡೆ ಎರಡು ಮೂರು ಅಂಗುಲವನ್ನು ಕೆಂಪಗೆ ಕಾಯಿಸಬೇಕು. ಎಷ್ಟು ಕೆಂಪೆಂಬುದನ್ನು ಅಯಸ್ಕಾಂತದಿಂದ ಅರಿಯಬಹುದು. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಸ್ವಲ್ಪವೇ ಮೇಲೆ ಹೋದರೆ ಸಾಕು. ಬಿಸಿಲಿನಲ್ಲಿ ಈ ಕೆಂಪು ಕಾಣದಿರುವುದರಿಂದ, ನೆರಳಿಲ್ಲದೆ ಕೆಲಸ ಮಾಡುವವನು ತಿಳಿಯದೆ ಹೆಚ್ಚು ಕಾಯಿಸುತ್ತಾನೆ. ಊರಿನಲ್ಲಿ ಹಳೆಯ ಕಮ್ಮಾರರೊಬ್ಬರು ಇದ್ದರೆ ಅವರ ಬಳಿ ನಾಲ್ಕು ದಿನ ಕುಳಿತು ಬಣ್ಣವನ್ನು ಕಲಿಯುವುದು ಅಯಸ್ಕಾಂತಕ್ಕಿಂತಲೂ ಮೇಲು.

ತಕ್ಕ ಕಾವು ಬಂದೊಡನೆ ಬಾಯಿಯ ಒಂದು ಅಂಗುಲವನ್ನು ಮಾತ್ರ ನೀರಿನಲ್ಲಿ ಅದ್ದಿ, ಒಂದೇ ಮಟ್ಟದಲ್ಲಿ ಹಿಡಿಯದೆ ಮೇಲೆ ಕೆಳಗೆ ಆಡಿಸುತ್ತಿರಬೇಕು. ಇಲ್ಲವಾದರೆ ನೀರಿನ ಗೆರೆಯಲ್ಲಿಯೇ ಬಿರುಕು ಬಿಡುವುದುಂಟು. ಈಗ ಬಾಯಿಯು ಗಾಜಿನಂತೆ ಗಡಸಾಗಿಯೂ ಸಿಡುಕಾಗಿಯೂ ಇರುತ್ತದೆ. ಉಳಿಯನ್ನು ಹೊರತೆಗೆದು ಬಾಯಿಯನ್ನು ಮರಳುಗಲ್ಲಿನಿಂದ ಬೇಗನೆ ಉಜ್ಜಿ ಬೆಳ್ಳಗೆ ಮಾಡಿದರೆ, ಹಿಂಭಾಗದಲ್ಲಿ ಉಳಿದ ಕಾವು ಮುಂದಕ್ಕೆ ಹರಿಯುತ್ತ ಬಣ್ಣಗಳ ಸಾಲೊಂದು ಬಾಯಿಯ ಕಡೆಗೆ ನಡೆದುಬರುವುದು ಕಾಣುತ್ತದೆ. 220 ಡಿಗ್ರಿಯ ಸುಮಾರಿಗೆ ತೆಳು ಹುಲ್ಲಿನ ಬಣ್ಣ, 255ಕ್ಕೆ ಕಂದು, 275ಕ್ಕೆ ನೇರಳೆ, 300ರ ಬಳಿ ನೀಲಿ. ಬಾಯಿಗೆ ನೇರಳೆ ಬಂದ ಕ್ಷಣದಲ್ಲಿ ಮತ್ತೆ ನೀರಿಗೆ ಅದ್ದಿ ಕಾವಿನ ಓಟವನ್ನು ನಿಲ್ಲಿಸತಕ್ಕದ್ದು. ಹೆಚ್ಚು ಗಡಸು ಬೇಕಾದ ಚೂರಿಗೆ ಹುಲ್ಲಿನ ಬಣ್ಣವೇ ಸಾಕು, ಬಳುಕಬೇಕಾದುದಕ್ಕೆ ನೀಲಿ. ಸಿದ್ಧವಾದ ಉಳಿಯನ್ನೋ ಮಚ್ಚನ್ನೋ ಸಾಣೆ ಹಿಡಿಯುವಾಗ ಅಂಚಿನಲ್ಲಿ ನೀಲಿ ಕಂಡರೆ ಅಲ್ಲಿ ಹದವು ಹೋಯಿತೆಂದು ಅರಿಯಬೇಕು. ಆದಕಾರಣ ಸಾಣೆಯ ಬಳಿ ನೀರಿನ ಪಾತ್ರೆ ಇದ್ದು, ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದುತ್ತಿರಬೇಕು.

ಪಟ್ಟೆ ಸ್ಪ್ರಿಂಗಿನಿಂದ ಕುಡುಗೋಲೋ ಮಚ್ಚೋ ಮಾಡುವುದಾದರೆ ನೀರನ್ನು ಬಿಟ್ಟು ಎಣ್ಣೆಯಲ್ಲಿ ಅದ್ದಬೇಕು. ಆ ಉಕ್ಕಿನಲ್ಲಿ ಬೆರೆತಿರುವ ಇತರ ಲೋಹಗಳ ಕಾರಣದಿಂದ ನೀರು ಅದನ್ನು ಸೀಳುತ್ತದೆ. ಬೆಚ್ಚಗೆ ಮಾಡಿದ ಕಡಲೆಕಾಯಿ ಎಣ್ಣೆ ಆಗಬಹುದು. ಮೋಟಾರಿನಿಂದ ತೆಗೆದ ಹಳೆಯ ಎಣ್ಣೆಯ ಹೊಗೆ ವಿಷಕರವಾದುದರಿಂದ ಕೂಡದು. ಎಣ್ಣೆಯು ಆಳವಾದ ಲೋಹದ ಪಾತ್ರೆಯಲ್ಲಿದ್ದು, ಕಾದ ಭಾಗವೆಲ್ಲವೂ ಒಮ್ಮೆಗೇ ಮುಳುಗಬೇಕು. ಅರ್ಧ ಮುಳುಗಿದರೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊತ್ತಿದ ಎಣ್ಣೆಗೆ ನೀರು ಸುರಿಯದೆ, ಪಾತ್ರೆಗೆ ಹೊಂದುವ ತಗಡಿನ ಮುಚ್ಚಳವನ್ನು ಮುಚ್ಚಬೇಕು. ಈ ಮುಚ್ಚಳವನ್ನು ಎಣ್ಣೆಗಿಂತ ಮೊದಲೇ ಸಿದ್ಧಪಡಿಸಿ ಕೈಗೆಟುಕುವಲ್ಲಿ ಇಟ್ಟಿರತಕ್ಕದ್ದು.

ಕೆಲಸ ಮುಗಿದ ಮೇಲೆ ಇದ್ದಲನ್ನು ಹರಡಿ ನೀರು ಚಿಮುಕಿಸಿ, ಅಡಿಗಲ್ಲಿಗೂ ವೈಸಿನ ತಿರುಪಿಗೂ ಎಣ್ಣೆ ಸವರಿ, ತೊಗಲಿನ ತಿದಿಯಿದ್ದರೆ ಅದನ್ನು ಇಲಿಗಳಿಗೆ ಸಿಕ್ಕದಂತೆ ನೇತುಹಾಕಬೇಕು. ಕಪ್ಪಾಗಿ ಕಾಣುವ ಕಬ್ಬಿಣವು ತಣ್ಣಗಾಗಿದೆಯೆಂದು ಭಾವಿಸಿ ಬರಿಗೈಯಿಂದ ಮುಟ್ಟಬಾರದು. ಕೆಂಪು ಆರಿದ ಮೇಲೆಯೂ ಅದರಲ್ಲಿ ನಾಲ್ಕು ನೂರು ಡಿಗ್ರಿಗಳ ಕಾವು ಉಳಿದಿರಬಹುದು.