ಬಾಹ್ಯಾಕಾಶದಲ್ಲಿ ವಾಸಗೃಹ: ರೂಢಿಗೆ ಹೊರತಾದ ಹಾದಿಗಳು

ಬಾಹ್ಯಾಕಾಶದಲ್ಲಿ ಮಾನವನು ತಿಂಗಳುಗಟ್ಟಲೆ ನೆಲೆಸಬೇಕಾದರೆ ಗಾಳಿ, ನೀರು, ಆಹಾರಗಳಂತೆಯೇ ಸಾಕಷ್ಟು ಸ್ಥಳಾವಕಾಶವೂ ಅಗತ್ಯ. ಆದರೆ ಅಲ್ಲಿಗೆ ಒಯ್ಯುವ ಪ್ರತಿಯೊಂದು ಕೋಣೆಯೂ ಉಡಾವಣಾ ವಾಹನದಲ್ಲಿ ಹಿಡಿಸುವಂತಿರಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಿರ್ಮಾಣವು 1998ರಲ್ಲಿ ಆರಂಭವಾಯಿತು. ಅದರ ಲೋಹದ ಭಾಗಗಳನ್ನು ಒಂದೊಂದಾಗಿ ಒಯ್ದು ಜೋಡಿಸಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಈ ಮಿತಿಯನ್ನು ಮೀರುವ ಉಪಾಯಗಳನ್ನು ವಿಜ್ಞಾನಿಗಳು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ.

ಬರಿದಾದ ಇಂಧನದ ತೊಟ್ಟಿಯನ್ನೇ ಮನೆಯಾಗಿಸುವುದು ಮೊದಲನೆಯ ಉಪಾಯ. ಅಮೆರಿಕದ ಸ್ಕೈಲ್ಯಾಬ್‌ನ ಮೂಲ ಯೋಜನೆ ಇದೇ ಆಗಿತ್ತು. ರಾಕೆಟ್ಟಿನ ಮೇಲಿನ ಹಂತವು ಕಕ್ಷೆಯನ್ನು ಸೇರಿದ ಬಳಿಕ, ಗಗನಯಾತ್ರಿಗಳು ಅದರ ಬರಿದಾದ ಹೈಡ್ರೋಜನ್ ತೊಟ್ಟಿಯನ್ನು ಪ್ರವೇಶಿಸಿ ವಾಸಕ್ಕೆ ಸಜ್ಜುಗೊಳಿಸಬೇಕಿತ್ತು. 1969ರಲ್ಲಿ ಈ ಯೋಜನೆಯನ್ನು ಬದಲಿಸಲಾಯಿತು. ಹೆಚ್ಚು ಶಕ್ತಿಶಾಲಿಯಾದ ಸ್ಯಾಟರ್ನ್-5 ವಾಹನ ಲಭ್ಯವಾದುದರಿಂದ, ಅಂತಹುದೇ ಹಂತವೊಂದನ್ನು ಇಂಧನ ತುಂಬದೆ ಭೂಮಿಯಲ್ಲಿಯೇ ಸಜ್ಜುಗೊಳಿಸಿ 1973ರ ಮೇ 14ರಂದು ಹಾರಿಸಲಾಯಿತು. ಅಲ್ಲಿ ಮೂರು ತಂಡಗಳು ವಾಸಿಸಿದವು. ಕೊನೆಯ ತಂಡ 84 ದಿನ ಉಳಿಯಿತು. ಬಾಹ್ಯಾಕಾಶ ಷಟಲ್‌ನ 47 ಮೀಟರ್ ಉದ್ದದ ಹೊರತೊಟ್ಟಿಯನ್ನೂ ಹೀಗೆಯೇ ಬಳಸಬೇಕೆಂಬ ಸಲಹೆಗಳಿದ್ದವು. ಆದರೆ ವಿರಳ ವಾಯುವಿನ ಘರ್ಷಣೆಯಿಂದ ಅದು ಕೆಳಗಿಳಿಯದಂತೆ ಕಾಯುವುದೂ ಒಂದು ತೊಡಕಾಗಿತ್ತು. 1981ರಿಂದ 2011ರವರೆಗಿನ 135 ಹಾರಾಟಗಳಲ್ಲಿ ಒಂದು ತೊಟ್ಟಿಯೂ ಮನೆಯಾಗಲಿಲ್ಲ.

ಮಡಚಿ ಒಯ್ದು ಗಾಳಿ ತುಂಬಿ ಅರಳಿಸುವ ಕೋಣೆ ಎರಡನೆಯ ಉಪಾಯ. ಬೀಮ್ ಎಂಬ ಇಂತಹ ಕೋಣೆಯನ್ನು 2016ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಜೋಡಿಸಲಾಯಿತು. ಮೇ 26ರ ಮೊದಲ ಯತ್ನದಲ್ಲಿ ಅದು ನಿರೀಕ್ಷಿಸಿದಷ್ಟು ಹಿಗ್ಗಲಿಲ್ಲ. ಮೇ 28ರಂದು ಪೂರ್ಣವಾಗಿ ಅರಳಿತು. ಸುಮಾರು 2 ಮೀಟರ್ ಉದ್ದವಿದ್ದುದು 4 ಮೀಟರಾಗಿ, ಒಳಗೆ 16 ಘನಮೀಟರ್ ಸ್ಥಳ ದೊರೆಯಿತು. ಎರಡು ವರ್ಷಗಳ ಪ್ರಯೋಗಕ್ಕೆಂದು ಕಳುಹಿಸಿದ ಈ ಕೋಣೆ, ಮುಂದೆ ಸಾಮಗ್ರಿ ಇಡುವ ಉಗ್ರಾಣವಾಗಿಯೂ ಉಪಯೋಗಕ್ಕೆ ಬಂದಿತು.

ಬಟ್ಟೆಯ ಗೋಡೆ ಸುರಕ್ಷಿತವೇ ಎಂಬ ಸಂದೇಹ ಸಹಜ. ಅತಿವೇಗದಿಂದ ಬರುವ ಚಿಕ್ಕ ಕಣವೂ ಗೋಡೆಯನ್ನು ಭೇದಿಸಬಲ್ಲದು. ಒಳಗಿನ ಗಾಳಿ ಸೋರಿದರೆ ಜೀವಕ್ಕೇ ಅಪಾಯ. ಆದುದರಿಂದ ಅದನ್ನು ಬಲವಾದ ನೂಲಿನ ಅನೇಕ ಪದರಗಳಿಂದ ರಚಿಸುತ್ತಾರೆ. ಹೊರಪದರಗಳಿಗೆ ಬಡಿದ ಕಣವು ಚೂರಾಗಿ, ಒಳಗೆ ಸಾಗಿದಂತೆ ಬಲಗುಂದುತ್ತದೆ.

ಮೂರನೆಯದು ತಿರುಗುವ ಚಕ್ರದಾಕಾರದ ನಿಲ್ದಾಣ. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ, ಸ್ನಾಯುಗಳು ಕ್ಷೀಣಿಸುತ್ತವೆ. ಚಕ್ರದ ತಿರುಗುವಿಕೆ ತೂಕದ ಅನುಭವವನ್ನು ನೀಡಬಲ್ಲದು. ಆದರೆ ಚಕ್ರ ಚಿಕ್ಕದಾದರೆ ವೇಗವಾಗಿ ತಿರುಗಿಸಬೇಕಾಗಿ, ವಾಸಿಗಳಿಗೆ ತಲೆಸುತ್ತು ಬರುತ್ತದೆ. ದೊಡ್ಡದಾದರೆ ನಿರ್ಮಾಣ ಕಠಿಣ.

ಭಾರತವು 2035ರ ವೇಳೆಗೆ ತನ್ನದೇ ಅಂತರಿಕ್ಷ ನಿಲ್ದಾಣವನ್ನು ಸ್ಥಾಪಿಸುವ ಗುರಿಯನ್ನು 2023ರಲ್ಲಿ ಪ್ರಕಟಿಸಿತು. ಸ್ಥಳ, ತೂಕ, ಸುರಕ್ಷತೆ—ಈ ಮೂರನ್ನೂ ಸರಿದೂಗಿಸುವ ಪ್ರಶ್ನೆ ಇನ್ನು ನಮ್ಮ ವಿಜ್ಞಾನಿಗಳದೂ ಆಗಿದೆ.